ಸಾಹೇಬರ ಕೈಗೆ ಸಾಬೂನು

ಪಂಪು ಕೆಟ್ಟು ಶಾಲೆಯ ನಲ್ಲಿ ಒಣಗಿ ಮೂರು ತಿಂಗಳಾಗಿತ್ತು. ಮಕ್ಕಳ ಭೇದಿ ನಿಂತಿರಲಿಲ್ಲ. ನರ್ಸು ಗಿರಿಜವ್ವ ಬರೆದ ದೂರು ಮಾತ್ರ ತಾಲೂಕು ಕಚೇರಿಯಲ್ಲಿ, ಯಾರೂ ಲಕೋಟೆ ಒಡೆಯದೆ, ಕ್ಷೇಮವಾಗಿತ್ತು.

ಕೈತೊಳೆಯುವ ದಿನಾಚರಣೆಗೆ ಶಾಲೆಗೆ ಬಂದ ಅದೇ ಕಚೇರಿಯ ಸಾಹೇಬರು ಹಾರ ಹಾಕಿಸಿಕೊಂಡು, ಆಕೆಯ ಮುಂದೆ ವರದಿ ಚಾಚಿದರು.

"ಮಕ್ಕಳೆಲ್ಲ ನಲ್ಲೀಲಿ ಕೈ ತೊಳೆದೇ ಉಣ್ತಾರೆ ಅಂತ ಬರೆದಿದೆ. ಸಹಿ ಹಾಕಮ್ಮ. ಇಲ್ಲಾಂದ್ರೆ ವರ್ಗ."

"ಹಾಕ್ತೀನಿ ಸಾಹೇಬ್ರೆ. ಮೊದಲು ತಾವೊಮ್ಮೆ ತೊಳೆದು ತೋರಿಸಿ. ದೊಡ್ಡವರನ್ನ ನೋಡಿ ಮಕ್ಕಳು ಕಲೀತಾವೆ."

ಮನೆಯಿಂದ ತಂದಿದ್ದ ಚೊಂಬಿನ ಕೊನೆಯ ಗುಟುಕು ಹೊಯ್ದು ಗಿರಿಜವ್ವ ಅವರ ಕೈ ನೆನೆಸಿದಳು, ಸಾಬೂನು ಕೊಟ್ಟಳು. ಮಕ್ಕಳು ಪಾಠದಂತೆ ಇಪ್ಪತ್ತರವರೆಗೆ ಎಣಿಸಿದರು. ಮೊಣಕೈವರೆಗೆ ನೊರೆಯಾದ ಸಾಹೇಬರು ನಲ್ಲಿ ತಿರುಗಿಸಿದರು. ನಲ್ಲಿ ಉಸ್ಸೆಂದು ಸುಮ್ಮನಾಯಿತು.

ಜೇಬಿನಲ್ಲಿ ಫೋನು ಕೂಗಿತು, ತೆಗೆಯುವಂತಿಲ್ಲ. ಬಿಸಿಯೂಟ ಬಂತು, ಮುಟ್ಟುವಂತಿಲ್ಲ. ಮೂಗಿನ ಮೇಲೆ ನೊಣ ಬೇರೆ ಕೂತಿತು.

"ನೀರೆಲ್ಲಮ್ಮ?"

"ತಮ್ಮ ವರದಿಯಲ್ಲಿ ಧಾರಾಳವಾಗಿದೆ, ಸಾಹೇಬ್ರೆ."

ಡ್ರೈವರು ಕಿವಿಗೆ ಹಿಡಿದ ಫೋನಿನಲ್ಲಿ ಸಾಹೇಬರು ಗುಡುಗಿದರು. ಮೂರು ತಿಂಗಳಿಂದ ಸಿಗದ ಪಂಪಿನ ಮೆಕ್ಯಾನಿಕ್ಕು ಅರ್ಧ ಗಂಟೆಯಲ್ಲಿ ಸಿಕ್ಕಿದ. ನಲ್ಲಿಯಲ್ಲಿ ನೀರು ಬಂತು. ಕಟ್ಟಕಡೆಯ ಮಗುವೂ ಕೈ ತೊಳೆದು ಉಣ್ಣಲು ಕೂತ ಮೇಲೆಯೇ ಗಿರಿಜವ್ವ ಸಹಿ ಹಾಕಿದಳು. ಸಾಹೇಬರ ಮಾತು ಸುಳ್ಳಾಗಬಾರದು ನೋಡಿ.