ಹಲ್ಲು ಎಣಿಸಿದ ಶಿದ್ಲಿಂಗ

ಕೇಳ್ರಿ, ಒಬ್ಬ ಶಿದ್ಲಿಂಗ ಇದ್ದ. ಮೈ ನೋಡಿದರೆ ಗೂಳಿ, ಮನಸು ನೋಡಿದರೆ ಹಾಲು. ತಲೆ ಮಾತ್ರ ಹೇಳಿದ್ದನ್ನು ಹೇಳಿದಂಗೇ ಹಿಡಿಯೋದು. "ಬಾಗಿಲ ನೋಡಿಕೋ" ಅಂದರೆ ಸಂಜೆತನಕ ಬಾಗಿಲನ್ನೇ ನೋಡುತ್ತ ಕೂಡುವವ!

ಅವನ ಅವ್ವ ನೀಲವ್ವ. ಸಣ್ಣವಳಿದ್ದಾಗಲೇ ಪೋಲಿಯೋ ಬಂದು ಎರಡೂ ಕಾಲು ಸೋತಿದ್ದವು. ಆದರೆ ಕೈ ನೋಡಬೇಕು! ಅವಳು ಹೊಲಿದ ಜಂಪರ್ ತೊಡದ ಹೆಂಗಸು ಆ ಊರಲ್ಲಿ ಇರಲಿಲ್ಲ. ಓಡಾಡಲಿಕ್ಕೆ ಮೂರು ಗಾಲಿಯ ಸೈಕಲ್ಲು. ಎದೆಯ ಮುಂದೆ ಒಂದು ಹಿಡಿಕೆ, ಅದನ್ನು ಕೈಯಿಂದ ತಿರುಗಿಸಿದರೆ ಚೈನು ಹಿಂದಿನ ಗಾಲಿಯನ್ನು ತಿರುಗಿಸೋದು.

ಒಂದು ದಿನ ದಿಬ್ಬದ ಮೇಲಿನ ಸಾಲಿಯ ದೊಡ್ಡ ಅಕ್ಕೋರು ಹೇಳಿಕಳಿಸಿದರು: "ನೀಲವ್ವಾರ, ಹೆಣ್ಣುಮಕ್ಕಳಿಗೆ ಹೊಲಿಗೆ ಕಲಿಸ್ರಿ. ಸೋಮವಾರದಿಂದ ಬರ್ರಿ."

ನೀಲವ್ವನ ಕಣ್ಣು ತುಂಬಿತು. ಸಾಲಿಯ ಮೆಟ್ಟಿಲನ್ನೇ ಹತ್ತದವಳು ಈಗ ಸಾಲಿಯಲ್ಲಿ ಅಕ್ಕೋರು! ಆದರೆ ದಿಬ್ಬ? ಹೋಗಿ ನೋಡೋಣ ಅಂತ ಮಗನ ಜೊತೆ ಹೊರಟಳು. ಅರ್ಧ ಏರಿಗೇ ಹಿಡಿಕೆ ತಿರುಗಲೊಲ್ಲದು.

"ಶಿದ್ಲಿಂಗಾ, ಹಿಂದ ನೂಕೋ!"

ಹಿಂದಕ್ಕೇ ನೂಕಿದ! ಸೈಕಲ್ಲು ಸೀದಾ ಬೇಲಿಯೊಳಗೆ.

"ಅಯ್ಯೋ ನನ್ನ ಕರ್ಮ! ಹಿಂದ ನಿಂತು ಮುಂದಕ್ಕ ನೂಕಬೇಕಲ್ಲೋ! ಇನ್ನ ನೂಕಾಕ ಬರಬ್ಯಾಡ. ಹೋಗು, ಪ್ಯಾಟಿಯೊಳಗ ಮಕ್ತುಂ ಮಿಸ್ತ್ರಿ ಅದಾನ, ದಿಬ್ಬ ಹತ್ತಾಕ ಏನಾರ ಉಪಾಯ ಐತೇನು ಕೇಳಿಕೊಂಡ ಬಾ."

ಹೋದ. ಸೈಕಲ್ ಅಂಗಡಿಯ ಮಕ್ತುಂ ಮಿಸ್ತ್ರಿ ಪಂಕ್ಚರ್ ಹಾಕುತ್ತಲೇ ಹೇಳಿದ: "ಐತಿ. ಮೊದಲ ಹಲ್ಲ ಎಣಿಸಿಕೊಂಡ ಬಾ."

ಶಿದ್ಲಿಂಗ ಮನೆಗೆ ಓಡಿ ಬಂದ. "ಯವ್ವಾ, ಬಾಯಿ ತಗಿ!" ಎಣಿಸಿದ. ಮತ್ತೆ ಪ್ಯಾಟೆಗೆ ಓಡಿದ.

"ಕಾಕಾ, ಇಪ್ಪತ್ತಾರು! ಒಂದು ಅಳ್ಳಾಡಾಕತ್ತೈತಿ."

"ನಿಮ್ಮವ್ವನ ಹಲ್ಲಲ್ಲೋ ಹುಚ್ಚಪ್ಪಾ! ಕಬ್ಬಿಣದ ಹಲ್ಲು!"

ಕಬ್ಬಿಣದ ಹಲ್ಲು! ಬಡಿಗೇರ ಮನೆಗೆ ಹೋದ, ಗರಗಸದ ಹಲ್ಲು ಎಣಿಸಿದ. "ಕಾಕಾ, ನೂರಾ ಹನ್ನೆರಡು!"

"ಗರಗಸ ಹತ್ತಿ ದಿಬ್ಬ ಏರತಾಳೇನು ನಿಮ್ಮವ್ವ? ಚೈನು ಹಾಕ್ಕೊಂಡಿರತೈತಲ್ಲ, ಅದರ ಹಲ್ಲು!"

ಚೈನು ಹಾಕ್ಕೊಂಡಿರೋದು ಊರಲ್ಲಿ ಯಾವುದು? ಪೊಲೀಸ್‌ಪಾಟೀಲರ ನಾಯಿ! ಶಿದ್ಲಿಂಗ ಅದರ ಬಾಯಿ ಅಗಲಿಸಿ ಏಳರತನಕ ಎಣಿಸಿದ. ಎಂಟನೆಯದನ್ನು ನಾಯಿಯೇ ಅವನ ಕೈಗೆ ಎಣಿಸಿ ಕೊಟ್ಟಿತು.

ಕೈಗೆ ಬಟ್ಟೆ ಸುತ್ತಿಕೊಂಡು ಬಂದವನನ್ನು ಕಂಡು ಮಿಸ್ತ್ರಿಗೆ ನಗುವೂ ಬಂತು, ಅಯ್ಯೋ ಅಂತಲೂ ಅನ್ನಿಸಿತು. ಮೊದಲು ದವಾಖಾನೆಗೆ ಕರಕೊಂಡು ಹೋಗಿ ಸೂಜಿ ಮಾಡಿಸಿದ. ಆಮೇಲೆ ಮೆಲ್ಲಗೆ ಹೇಳಿದ: "ನೋಡಪಾ, ನಿಮ್ಮವ್ವನ ಸೈಕಲ್ಲಿಗೆ ಹಲ್ಲಿನ ಚಕ್ರ ಎರಡು. ಮುಂದ ಹಿಡಿಕಿ ಹಂತ್ಯಾಕ ಒಂದು, ಹಿಂದ ಗಾಲಿ ಹಂತ್ಯಾಕ ಒಂದು. ಒಂದು ಹಲ್ಲಿಗೆ ಸುಣ್ಣ ಹಚ್ಚು. ಅಲ್ಲಿಂದ ಎಣಿಸು. ತಿರುಗಿ ಸುಣ್ಣ ಬಂತಂದ್ರ ನಿಲ್ಲು."

ಮನೆಗೆ ಬಂದು ಮುಂದಿನ ಚಕ್ರಕ್ಕೆ ಸುಣ್ಣ ಹಚ್ಚಿದ. ಎಣಿಸಿದ. ಸುಣ್ಣ ಬಂತು. ನಿಂತ! ಬಿಸಿಲೇರಿತು, ನಿಂತೇ ಇದ್ದ. ಎಮ್ಮೆ ಬಂದು ಬೆನ್ನು ನೆಕ್ಕಿತು, ನಿಂತೇ ಇದ್ದ.

"ಯಾಕ ಹಿಂಗ ನಿಂತೀಯೋ?" ಅಂದಳು ನೀಲವ್ವ.

"ಸುಣ್ಣ ಬಂತವ್ವಾ."

"ಎಷ್ಟಾತು?"

"ನಲವತ್ತು."

ನೀಲವ್ವ ಹಣೆ ಚಚ್ಚಿಕೊಂಡು, ಹಿಂದಿನದನ್ನು ತಾನೇ ಎಣಿಸಿದಳು. ಇಪ್ಪತ್ತು. ಜಂಪರಿನ ಅಳತೆ ಬರೆಯುವಂತೆ ಎರಡನ್ನೂ ಚೀಟಿಯಲ್ಲಿ ಬರೆದು ಕಳಿಸಿದಳು.

ಭಾನುವಾರ ಮಿಸ್ತ್ರಿಯೇ ನಟ್ಟು ಬಿಚ್ಚುವ ಪಾನಾ ಹಿಡಿದು ಮನೆಗೆ ಬಂದ. "ನೀಲಕ್ಕಾ, ಮುಂದ ನಲವತ್ತು, ಹಿಂದ ಇಪ್ಪತ್ತು. ನಲವತ್ತರಾಗ ಇಪ್ಪತ್ತು ಎಷ್ಟು ಸಲ ಹೋಗತೈತಿ?"

"ಎರಡು ಸಲ."

"ಅಂದ್ರ ನಿನ್ನ ಕೈ ಒಂದು ಸುತ್ತು, ಗಾಲಿ ಎರಡು ಸುತ್ತು. ಬಯಲಿಗೆ ಚಲೋ, ಓಡತೈತಿ. ಏರಿಗೆ ಬಲ ಸಾಲಂಗಿಲ್ಲ. ಅದಲು ಬದಲು ಮಾಡಿದರ ಕೈ ಎರಡು ಸುತ್ತು, ಗಾಲಿ ಒಂದು ಸುತ್ತು."

ನೀಲವ್ವ ಬೆರಳು ಮಡಚಿದಳು. "ಮೊದಲಿಗಿಂತ ನಾಕು ಪಟ್ಟು ಹಗುರ... ನಾಕು ಪಟ್ಟು ನಿಧಾನ. ಹೌದಲ್ಲೋ?"

"ನನ್ನ ಅಂಗಡಿಗೇ ಬಂದುಬಿಡಕ್ಕಾ!" ಅಂತ ನಕ್ಕ ಮಿಸ್ತ್ರಿ. ಚಕ್ರ ಬದಲಿಸಿ, ಪಾನಾ ಶಿದ್ಲಿಂಗನ ಕೈಗೆ ಕೊಟ್ಟ. "ನೆನಪಿಡು. ಬಲ ಬೇಕಂದ್ರ ಸಣ್ಣದು ಮುಂದ, ದೊಡ್ಡದು ಹಿಂದ. ಓಟ ಬೇಕಂದ್ರ ದೊಡ್ಡದು ಮುಂದ, ಸಣ್ಣದು ಹಿಂದ."

ಶಿದ್ಲಿಂಗ ಅದನ್ನು ಹಾಡಿನಂತೆ ಬಾಯಿಪಾಠ ಮಾಡಿದ.

ಸೋಮವಾರ ನೀಲವ್ವ ಇಳಕಲ್ ಸೀರೆ ಉಟ್ಟು ಹೊರಟಳು. ಕೈ ಎರಡು ಸುತ್ತು, ಗಾಲಿ ಒಂದು ಸುತ್ತು. ಕೈ ಎರಡು ಸುತ್ತು, ಗಾಲಿ ಒಂದು ಸುತ್ತು. ಕುರಿಗಳು ಅವಳನ್ನು ದಾಟಿ ಹೋದವು. ಕೋಳಿಯೂ ದಾಟಿತು. ದಾಟಲಿ! ಸೈಕಲ್ಲು ಮಾತ್ರ ನಿಲ್ಲಲಿಲ್ಲ. ಬೇಲಿ ಹಿಂದಾಯಿತು, ಏರು ಮುಗಿಯಿತು. ಬೆವರು ಒರೆಸಿಕೊಂಡು ನೋಡಿದರೆ ಎದುರಿಗೆ ಸಾಲಿ, ಬಾಗಿಲಲ್ಲಿ ಹುಡುಗಿಯರು. "ಅಕ್ಕೋರು ಬಂದ್ರು!" ಅಂತ ಒಂದೇ ಕೂಗು. ಯಾರೂ ನೂಕದೆ ಬಂದೆನಲ್ಲ ಅಂತ ನೀಲವ್ವ ತನ್ನ ಎರಡು ಅಂಗೈಗಳನ್ನು ಒಂದು ಗಳಿಗೆ ನೋಡಿಕೊಂಡಳು.

ಸಾಲಿ ಬಿಟ್ಟಿತು. ಅವ್ವನನ್ನು ಕರಕೊಂಡು ಹೋಗಲು ಶಿದ್ಲಿಂಗ ಬಂದು ನಿಂತಿದ್ದ. ಮೋಡ ಕವಿಯುತ್ತಿತ್ತು.

"ಶಿದ್ಲಿಂಗಾ, ಲಗೂನ ಮನಿ ಮುಟ್ಟಬೇಕು. ಈಗ ಓಟ ಬೇಕು!"

ಓಟ ಬೇಕಂದರೆ? ದೊಡ್ಡದು ಮುಂದ, ಸಣ್ಣದು ಹಿಂದ! ಅವ್ವನನ್ನು ಹೂವಿನಂತೆ ಎತ್ತಿ, ಸಾಮಾನು ಇಡುವ ಹಿಂದಿನ ಹಲಗೆಯ ಮೇಲೆ ಕೂಡಿಸಿದ. ಗೂಳಿಯಂಥ ಮೈ ಹೊತ್ತು ತಾನು ಮುಂದೆ ಕೂತ.

"ಏ, ಏನ್ ಮಾಡ್ತೀಯೋ?"

ಮಾಡಿ ಆಗಿತ್ತು. ಸೈಕಲ್ಲು ದಿಬ್ಬದ ಕೆಳಗೆ ಹಾರಿತು! ಕೋಳಿ ಹಾರಿತು, ಕುರಿ ಚದುರಿದವು.

"ನೋಡಬೇ ಯವ್ವಾ, ಮಿಸ್ತ್ರಿ ಲೆಕ್ಕ ಖರೇ ಐತಿ!"

"ಬ್ರೇಕ್ ಹಿಡಿಯೋ!"

ಹಿಡಿದ. ಮೊಲದ ಮರಿ ಹಿಡಿದಂತೆ ಮೆತ್ತಗೆ ಹಿಡಿದ. "ಹಿಡದೀನವ್ವಾ!"

"ಒತ್ತೋ! ಒತ್ತೋ ಮಗನ!"

ಒತ್ತು ಅಂದರೆ ಅವನಿಗೆ ಗೊತ್ತಿದ್ದದ್ದು ಒಂದೇ, ದಿನಾ ಊಟವಾದ ಮೇಲೆ ಅವ್ವನ ಕಾಲು ಒತ್ತೋದು. ಬ್ರೇಕು ಬಿಟ್ಟ. ಹಿಂದಕ್ಕೆ ತಿರುಗಿದ. ಅವಳ ಕಾಲನ್ನು ತೊಡೆಯ ಮೇಲೆ ಇಟ್ಟುಕೊಂಡು ಒತ್ತತೊಡಗಿದ.

ಇಳಿಜಾರು ಮುಗಿದು ಬಯಲು ಬಂತು. ಸೈಕಲ್ಲು ತಾನೇ ಸುಸ್ತಾಗಿ, ಪಂಚಾಯತಿ ಮುಂದಿನ ಉಸುಕಿನ ಗುಡ್ಡೆಗೆ ಮೂತಿ ಹಚ್ಚಿ ನಿಂತಿತು. ನೀಲವ್ವ ಉಸಿರು ಹಿಡಿದಳು, ಉಸಿರು ಬಿಟ್ಟಳು, ಬೈಯಲು ಬಾಯಿ ತೆರೆದಳು. ಬಂದದ್ದು ನಗು. ಕಣ್ಣಲ್ಲಿ ನೀರು ಬರುವತನಕ ನಕ್ಕಳು.

ಶಿದ್ಲಿಂಗ ತಲೆಯನ್ನೂ ಎತ್ತಲಿಲ್ಲ.

"ಆತಬೇ ಇದು," ಅಂದ. "ಇನ್ನೊಂದು ಕಾಲು ಕೊಡು."