ಬೆರಳಗಲದ ಸಿಪ್ಪೆ

"ಗುರುಗಳೇ, ನಾಳೆ ನನ್ನನ್ನು ಹೊಳೆಯಾಚೆಯ ಮಠಕ್ಕೆ ಕಳಿಸುತ್ತಿದ್ದೀರಿ. ಹೋಗುತ್ತೇನೆ. ತಿಂಗಳಿಗೊಂದು ದಿನ ಮಾತ್ರ ಬಂದು, ನನ್ನ ಸಂದೇಹಗಳನ್ನು ನಿಮ್ಮಲ್ಲಿ ಕೇಳಿಕೊಂಡು ಹೋಗಬಹುದೇ?" ಎಂದು ಶಿಷ್ಯ ಅಡವಯ್ಯ ಕೇಳಿದ. ಗುರುಗಳು ಹೂಂ ಎನ್ನಲಿಲ್ಲ, ಊಹೂಂ ಎನ್ನಲಿಲ್ಲ. ಕೂತುಕೋ ಎಂದು ಕತೆ ಹೇಳಿದರು.

ಒಬ್ಬ ರೈತನಿದ್ದ. ಅವನ ಹಿತ್ತಲಲ್ಲಿ ತೀರಿಹೋದ ತಾಯಿ ನೆಟ್ಟ ಸೀಬೆಮರವಿತ್ತು. ಅವಳದೆಂದು ಉಳಿದದ್ದು ಅದೊಂದೇ. ಆ ಹಿತ್ತಲಿನ ಮೇಲೆಯೇ ಊರಿನ ಹೊಸ ಕಾಲುವೆ ಹಾಯುವುದೆಂದು ಗೊತ್ತಾಯಿತು. ಗೌರಿಹಬ್ಬ ಕಳೆದ ಮರುದಿನ ಮರ ಕಡಿಯುತ್ತಾರೆ. ಬೀಜ ಹಾಕಿದರೆ ಅದೇ ರುಚಿ ಬರುವ ಖಾತ್ರಿಯಿಲ್ಲ. ಗೆದ್ದಲು ಹತ್ತಿದ ಮರದಲ್ಲಿ ಗಟ್ಟಿಯಾಗಿದ್ದ ಕೊಂಬೆಯೂ ಒಂದೇ.

ರೈತನ ಹೆಂಡತಿ ತೋಟಗಾರರ ಮನೆಯ ಮಗಳು. ಬರೀ ಕೊಂಬೆ ಕಡಿದು ನೆಟ್ಟರೆ ಸೀಬೆ ಹತ್ತುವುದಿಲ್ಲ, ಗೂಟಿ ಕಟ್ಟಬೇಕು ಎಂದಳು. ಕೊಂಬೆಯ ಸುತ್ತ ಎರಡು ಬೆರಳಗಲ ಸಿಪ್ಪೆಯನ್ನು ಬಳೆಯ ಹಾಗೆ ಪೂರ್ತಿ ಸುಲಿದು, ಒದ್ದೆ ಮಣ್ಣು ಮೆತ್ತಿ, ಗೋಣಿತಾಟು ಬಿಗಿಯಬೇಕು. ಅಲ್ಲಿ ಬೇರೊಡೆದ ಮೇಲೆ ಕತ್ತರಿಸಿ ಬೇರೆ ಕಡೆ ನೆಡಬಹುದು ಎಂದು ತಿಳಿಸಿಕೊಟ್ಟಳು.

ರೈತ ಚಾಕು ಹಿಡಿದು ಮರ ಹತ್ತಿದ. ಸುಲಿಯುತ್ತ ಬಂದವನು ನಡುವೆ ಚಾಕು ನಿಲ್ಲಿಸಿದ. ಪೂರ್ತಿ ಸುಲಿದು ಕೊಂಬೆ ಒಣಗಿಬಿಟ್ಟರೆ? ಇರುವುದೇ ಒಂದು. ಹಿಂಬದಿಯಲ್ಲಿ ಒಂದು ಬೆರಳಗಲ ಸಿಪ್ಪೆ ಹಾಗೇ ಬಿಟ್ಟು, ಮಣ್ಣು ಮೆತ್ತಿ ಕಟ್ಟಿದ. ಹೆಂಡತಿಗೆ ಹೇಳಲಿಲ್ಲ. ಪುಣ್ಯಾತ್ಮ, ಅವಳನ್ನು ಒಂದು ಮಾತು ಕೇಳಬಾರದಿತ್ತೇ!

ಕಾಲುವೆ ಅಗೆಯುವ ಗುದ್ದಲಿಗಳ ಸದ್ದು ದಿನಕ್ಕಿಷ್ಟು ಹತ್ತಿರ ಬಂತು. ಇಷ್ಟು ಹೊತ್ತಿಗೆ ಗೋಣಿಯ ಸಂದಿಯಲ್ಲಿ ಬೇರು ಕಾಣಬೇಕಿತ್ತಲ್ಲ ಎಂದು ಹೆಂಡತಿ ಚಡಪಡಿಸುವಳು. ಎಲೆ ನೋಡು, ಎಷ್ಟು ಹಸಿರಾಗಿದೆ ಎಂದು ಅವನು ಅವಳ ಬಾಯಿ ಮುಚ್ಚಿಸುವನು. ಅವನಿಗೂ ಭಯವೇ.

ಹಬ್ಬದ ಮರುದಿನ ಕೊಡಲಿಯವರು ಬಂದು ಬೇಲಿಯ ಬಳಿ ನಿಂತರು. ರೈತ ಕೊಂಬೆಯನ್ನು ಕತ್ತರಿಸಿ ಇಳಿಸಿದ. ಕಟ್ಟು ಬಿಚ್ಚಿದ. ಮಣ್ಣು ಪುಡಿಪುಡಿಯಾಗಿ ಉದುರಿತು. ಕೂದಲೆಳೆಯಷ್ಟೂ ಬೇರಿರಲಿಲ್ಲ. ಹೆಂಡತಿ ಕೊಂಬೆಯನ್ನು ತಿರುಗಿಸಿ ನೋಡಿದಳು.

"ಈ ಸಿಪ್ಪೆ ಯಾಕೆ ಬಿಟ್ಟಿರಿ?"

"ತಾಯಿಮರದ ಜೊತೆ ಸ್ವಲ್ಪವಾದರೂ ನಂಟಿರಲಿ ಅಂತ."

"ಅದಿತ್ತು ಅಂತಲೇ ಇದು ಬೇರು ಬಿಡಲಿಲ್ಲ," ಎಂದಳು.

ಅವರ ಬೆನ್ನ ಹಿಂದೆ ಮೊದಲ ಕೊಡಲಿಪೆಟ್ಟು ಬಿತ್ತು.

ಕತೆ ಮುಗಿಸಿ ಗುರುಗಳು ಎದ್ದರು. "ಹಾಗಾದರೆ ನಾನು ಕೇಳಿದ್ದಕ್ಕೆ ಉತ್ತರ..." ಎಂದು ಅಡವಯ್ಯ ಬಾಯಿ ತೆರೆದ.

"ನೀನು ಕೇಳಿದ ತಿಂಗಳಿಗೊಂದು ದಿನವೇ ಆ ಬೆರಳಗಲದ ಸಿಪ್ಪೆ."