ತಳವಿಲ್ಲದ ಗಡಿಗೆ

ಪೂಜ್ಯ ಅಂಥೂಸಾ ಮಾತೆಯವರು ತಮ್ಮ ಬಾಳಿನ ಕೊನೆಯ ವರ್ಷಗಳನ್ನು ಕಳೆದದ್ದು ಕ್ರೈಸ್ತ ಸನ್ಯಾಸಿನಿಯರ ಮಠದಲ್ಲಿ ಅಲ್ಲ, ಹಿಂದೆ ಆಡು ಕಟ್ಟುತ್ತಿದ್ದ ಒಂದು ಹಾಳು ಕೊಟ್ಟಿಗೆಯಲ್ಲಿ. ಗ್ರೀಕರ ನಾಡಿನ ಮೂಡಣ ಕಡಲಿನಲ್ಲಿ ಅನೆಮಾರಿ ಎಂಬ ಪುಟ್ಟ ದ್ವೀಪ. ಅದರ ತೀರದಲ್ಲಿ ಸಣ್ಣದೊಂದು ತೊರೆ ಕಡಲು ಸೇರುವ ಜಾಗಕ್ಕೆ ಯಾಲೊಸ್ ಎಂದು ಹೆಸರು. ಒಂದು ಕಾಲಕ್ಕೆ ಅಲ್ಲಿ ಊರಿತ್ತು. ಮಾತೆಯವರು ಬರುವ ಹೊತ್ತಿಗೆ ಉಳಿದದ್ದು ಮುರಿದ ಗೋಡೆಗಳು, ಮಾಡು ಕುಸಿದ ಪ್ರಾರ್ಥನಾ ಮಂದಿರ ಮತ್ತು ಆ ಕೊಟ್ಟಿಗೆ. ಮಾತೆಯವರು ಸೆರಗು ಕಟ್ಟಿ ಸಗಣಿ ಗುಡಿಸಿದರು, ಮಂದಿರದಲ್ಲಿ ದೀಪ ಹಚ್ಚಿದರು, ಕೊಟ್ಟಿಗೆಯ ಮೂಲೆಯಲ್ಲಿ ಒಲೆ ಹೂಡಿದರು. ಇಷ್ಟರವರೆಗೆ ಯಾರೂ ತಕರಾರು ತೆಗೆಯಲಿಲ್ಲ. ಆಮೇಲೆ ಒಲೆಯ ಮೇಲಿನ ಮಾಡಿನಲ್ಲಿ ತೂತು ಕೊರೆದು, ಸುತ್ತ ಕಲ್ಲಿಟ್ಟು, ತಳ ಒಡೆದ ಹಳೆಯ ಗಡಿಗೆಯೊಂದನ್ನು ಅದರ ಮೇಲೆ ಬೋರಲು ಹಾಕಿದರು. ಹೊಗೆಗೂಡು ಸಿದ್ಧವಾಯಿತು. ದ್ವೀಪಕ್ಕೆ ದ್ವೀಪವೇ ಬೆಚ್ಚಿಬಿತ್ತು.

ಹೊಗೆಗೂಡಿಗೆ ಬೆಚ್ಚುವುದೇ ಎಂದು ನಗಬೇಡಿ. ಆ ಜನ ಪಟ್ಟ ಪಾಡು ಅಂಥದ್ದು. ಹಿಂದೆ ಕಡಲ್ಗಳ್ಳರು ದೋಣಿಗಳಲ್ಲಿ ಬಂದು ಯಾಲೊಸಿನ ಹೆಂಗಸರನ್ನೂ ಮಕ್ಕಳನ್ನೂ ಹೊತ್ತೊಯ್ದು ದೂರದ ಸಂತೆಗಳಲ್ಲಿ ಮಾರುತ್ತಿದ್ದರು. ಅಳಿದುಳಿದವರು ಬೆಟ್ಟ ಹತ್ತಿ, ಬಂಡೆಗಳ ಮರೆಯಲ್ಲಿ ಕ್ರಿಫಿ ಎಂಬ ಹೊಸ ಊರು ಕಟ್ಟಿಕೊಂಡರು. ಅಲ್ಲಿ ಅಂಜೂರದ ಮರಗಳಿದ್ದವು, ದ್ರಾಕ್ಷಿ ಬಳ್ಳಿಗಳಿದ್ದವು, ಮೆಟ್ಟಿಲು ಮೆಟ್ಟಿಲಾಗಿ ಬಾರ್ಲಿಯ ಹೊಲಗಳಿದ್ದವು. ಕಡಲಿನಿಂದ ನೋಡಿದರೆ ಮಾತ್ರ ಒಂದೂ ಕಾಣುತ್ತಿರಲಿಲ್ಲ. ಕಲ್ಲುಚಪ್ಪಡಿ ಹೊದಿಸಿದ ಕುಳ್ಳ ಮನೆಗಳು. ಬಂಡೆ ಯಾವುದು, ಮನೆ ಯಾವುದು, ಒಳಗಿದ್ದವರೇ ಹೇಳಬೇಕು. ಕಡಲ ಕಡೆಗೆ ಕಿಟಕಿಯಿಲ್ಲ. ಬೊಗಳೀತೆಂದು ನಾಯಿ ಸಾಕುವಂತಿಲ್ಲ. ಹೊಗೆ ಕಂಡೀತೆಂದು ಹೊಗೆಗೂಡಂತೂ ಇಲ್ಲವೇ ಇಲ್ಲ. ಒಲೆಯ ಹೊಗೆ ಮನೆಯೊಳಗೇ ಸುತ್ತಿ ಸುತ್ತಿ, ಚಪ್ಪಡಿಗಳ ಸಂದಿಯಿಂದ ಚೂರುಚೂರಾಗಿ ಹೊರಗೆ ಹೋಗಬೇಕು.

ಕಡಲ್ಗಳ್ಳರ ಕಾಲ ಎಂದೋ ಮುಗಿಯಿತು. ಅವರ ಮೊಮ್ಮಕ್ಕಳೂ ಬೇರೆ ಕಸುಬು ಹಿಡಿದಿದ್ದಿರಬೇಕು. ಕ್ರಿಫಿಯ ಒಲೆಗಳಿಗೆ ಮಾತ್ರ ಆ ಸುದ್ದಿ ಮುಟ್ಟಿರಲಿಲ್ಲ. ಊರಿನವರ ಗುರುತೇ ಕೆಂಪು ಕಣ್ಣು. ಅಲ್ಲಿ ಯಾರಾದರೂ ಕಣ್ಣೊರೆಸಿಕೊಂಡರೆ ಯಾಕೆ ಎಂದು ಯಾರೂ ಕೇಳುತ್ತಿರಲಿಲ್ಲ. ಹೊಗೆ, ಅಷ್ಟೇ.

ಈ ಊರಿನ ಕಾವಲುಗಾರನ ಹೆಸರು ಸ್ತಮಾತಿಸ್. ಅಜ್ಜನಿಂದ ಅಪ್ಪನಿಗೆ, ಅಪ್ಪನಿಂದ ಇವನಿಗೆ ಬಂದ ಕೆಲಸ. ಬೆಟ್ಟದ ತುದಿಯ ಬಂಡೆಯ ಮೇಲೆ ಕುಳಿತು ಕಡಲನ್ನು ನೋಡುವುದು, ಹಾಯಿ ಕಂಡರೆ “ಒಲೆ ಆರಿಸಿ!” ಎಂದು ಕೂಗುವುದು. ಕೂಗು ಕೇಳಿದ್ದೇ ತಡ, ಮನೆಮನೆಯಲ್ಲೂ ಒಲೆಗೆ ನೀರು ಬೀಳುತ್ತಿತ್ತು. ಪಾಪ, ಕಡಲಿನಲ್ಲಿ ಹೋಗುತ್ತಿದ್ದದ್ದು ಯಾರದೋ ಈರುಳ್ಳಿ ದೋಣಿಯಾಗಿರುತ್ತಿತ್ತು. ಊರಿಗೂರೇ ಅರ್ಧ ಬೆಂದ ಬೇಳೆ ತಿಂದು ಉಸಿರು ಬಿಗಿಹಿಡಿದು ಕೂತಿರುತ್ತಿತ್ತು.

ಸ್ತಮಾತಿಸ್ ಕೆಟ್ಟವನಲ್ಲ, ಆದರೆ ದೇವರ ಜೊತೆ ಟೂ ಬಿಟ್ಟವನು. ಅವನಿಗೂ ಹೆಂಡತಿ ಲೆಮೊನಿಯಾಳಿಗೂ ಒಬ್ಬಳೇ ಮಗಳಿದ್ದಳು, ರಿನ್ಯೊ. ಮಾತು ಕಲಿಯುವ ವಯಸ್ಸಿನಲ್ಲೇ ಜ್ವರ ಬಂದು ತೀರಿಕೊಂಡಳು. ಅಂದಿನಿಂದ ಅವನು ಯಾವ ಪ್ರಾರ್ಥನಾ ಮಂದಿರದ ಹೊಸಿಲನ್ನೂ ತುಳಿಯಲಿಲ್ಲ, ಮಗುವಿನ ಹೆಸರನ್ನೂ ಎತ್ತಲಿಲ್ಲ. ಲೆಮೊನಿಯಾಳೂ ಎತ್ತಲಿಲ್ಲ. ಒಲೆಯ ಮುಂದೆ ಕುಳಿತು ಕಣ್ಣೊರೆಸಿಕೊಳ್ಳುತ್ತಿದ್ದಳು. “ಹೊಗೆಯೇನೇ?” ಎಂದು ಅವನು ಕೇಳಿದರೆ “ಹೂಂ ರೀ, ಹೊಗೆ” ಎನ್ನುತ್ತಿದ್ದಳು.

ಮಾತೆಯವರು ಬಂದ ವರ್ಷದ ಚಳಿಗಾಲದಲ್ಲಿ ಲೆಮೊನಿಯಾಳ ಹಳೆಯ ಕೆಮ್ಮು ಎದೆಗಿಳಿಯಿತು. ಕೂತರೆ ಕೆಮ್ಮು, ನಿಂತರೆ ಕೆಮ್ಮು. ಎರಡು ತುತ್ತು ಉಣ್ಣುವಷ್ಟರಲ್ಲಿ ಸುಸ್ತು. ನೋಡನೋಡುತ್ತ ಮೂಳೆಚಕ್ಕಳವಾದಳು. ನೆರೆಯ ಹೆಂಗಸರು ಗಲ್ಲದ ಮೇಲೆ ಕೈಯಿಟ್ಟುಕೊಂಡು, “ಕೆಳಗೆ ಆ ಸನ್ಯಾಸಿನಿಯ ಹೊಗೆ ಏಳತೊಡಗಿದ ಮೇಲೆಯೇ ಇದೆಲ್ಲ. ಕಟ್ಟಳೆ ಮುರಿದರೆ ಸುಮ್ಮನೆ ಬಿಟ್ಟೀತೇ?” ಎಂದರು. ಸ್ತಮಾತಿಸ್ ದೇವರನ್ನು ನಂಬುತ್ತಿರಲಿಲ್ಲ, ಅಪಶಕುನವನ್ನು ನಂಬುತ್ತಿದ್ದ. ಅಂಥವರೂ ಇರುತ್ತಾರಲ್ಲ! ಹೆಂಡತಿಯೂ ಕೈಬಿಟ್ಟು ಹೋದರೆ ಆ ಕಲ್ಲುಮನೆಯಲ್ಲಿ ತಾನೊಬ್ಬನೇ ಎಂದು ನೆನೆದು ರಾತ್ರಿಯೆಲ್ಲ ಎಚ್ಚರವಿದ್ದ. ಹಾರೆ ಹೆಗಲಿಗೇರಿಸಿ ಬೆಳಿಗ್ಗೆಯೇ ಬೆಟ್ಟ ಇಳಿದ.

ಮಾತೆಯವರು ಪೂಜೆಯ ರೊಟ್ಟಿಗೆ ಹಿಟ್ಟು ನಾದುತ್ತಿದ್ದರು. ಸ್ತಮಾತಿಸ್ ಬಾಗಿಲಲ್ಲೇ ನಿಂತು ಗುಡುಗಿದ: “ಅಮ್ಮಾ, ನಿಮ್ಮ ಈ ಹೊಗೆಗೂಡನ್ನು ಕೆಡವುವುದಕ್ಕೆ ಬಂದಿದ್ದೇನೆ. ಇದರಿಂದ ನನ್ನ ಮನೆ ಹಾಳಾಗುತ್ತಿದೆ.”

“ಒಳಗೆ ಬಾ ಅಪ್ಪಾ. ಮನೆಯಲ್ಲಿ ಯಾರಿಗೆ ಹುಷಾರಿಲ್ಲ?” ಎಂದರು ಮಾತೆಯವರು.

ಜಗಳಕ್ಕೆ ಮೈಯೆಲ್ಲ ಸಜ್ಜು ಮಾಡಿಕೊಂಡು ಬಂದವನು ಈ ಪ್ರಶ್ನೆ ಕೇಳಿ ಹಾರೆಯನ್ನು ಹೆಗಲಿನಿಂದ ಇಳಿಸಿದ. ನಿಂತಲ್ಲೇ ಎಲ್ಲವನ್ನೂ ಹೇಳಿಬಿಟ್ಟ. ಮಾತೆಯವರು ಕೈಗೆ ಮೆತ್ತಿದ ಹಿಟ್ಟನ್ನು ಉಜ್ಜಿ ತೆಗೆಯುತ್ತ ಕೇಳಿಸಿಕೊಂಡರು.

“ಕೆಡವು, ಬೇಡವೆನ್ನುವುದಿಲ್ಲ. ಮೊದಲು ಆಕೆಯನ್ನು ಇಲ್ಲಿಗೆ ಕರೆದುಕೊಂಡು ಬಾ. ಚಳಿ ಮುಗಿಯುವ ತನಕ ನನ್ನ ಒಲೆಯ ಪಕ್ಕದಲ್ಲಿ ಇರಲಿ. ಆಗಲೂ ಗುಣವಾಗದಿದ್ದರೆ ಆ ಹಾರೆ ನಾನೇ ಹಿಡಿಯುತ್ತೇನೆ.”

ಮುಳುಗುವವನು ಇನ್ನೇನು ಮಾಡಿಯಾನು? ಲೆಮೊನಿಯಾಳನ್ನು ಕತ್ತೆಯ ಮೇಲೆ ಕೂರಿಸಿ, ಕಂಬಳಿ ಸುತ್ತಿ, ದಾರಿಯುದ್ದಕ್ಕೂ ಗೊಣಗುತ್ತ ಕರೆತಂದ. ತಂದು ಬಿಟ್ಟು ಊರಿಗೆ ಮರಳಿದವನಿಗೆ ಮನಸ್ಸು ನಿಲ್ಲಲಿಲ್ಲ. ಕಾವಲುಬಂಡೆಯ ಮೇಲೆ ಕುಳಿತು ಕಡಲನ್ನು ನೋಡಬೇಕಾದವನು ಕೆಳಗಿನ ಆ ನೀಲಿ ಹೊಗೆಯನ್ನೇ ನೋಡುತ್ತಿದ್ದ. ಹೊಗೆ ಎದ್ದರೆ, ಸರಿ, ಒಲೆ ಉರಿದಿದೆ, ಅವಳಿಗೇನೋ ಬಿಸಿಯಾಗಿ ಸಿಕ್ಕೀತು ಎಂದು ಸಮಾಧಾನಪಡುತ್ತಿದ್ದ. ತಾನು ದ್ವೇಷಿಸಿದ ಹೊಗೆಗಾಗಿಯೇ ತಾನು ದಿನಾ ಬೆಳಿಗ್ಗೆ ಕಾಯುತ್ತಿದ್ದೇನೆಂಬುದು ಅವನಿಗೆ ಹೊಳೆಯಲೂ ಇಲ್ಲ.

ಬಾದಾಮಿ ಮರಗಳು ಹೂಬಿಡುವ ಹೊತ್ತಿಗೆ ಒಂದು ದಿನ ಕೆಳಗಿಳಿದು ಬಂದಾಗ, ಒಳಗಿನಿಂದ ಹಾಡು ಕೇಳಿಸಿತು. ಲೆಮೊನಿಯಾ ಅವರೆ ಸುಲಿಯುತ್ತ ಗುನುಗುತ್ತಿದ್ದಳು. ಕೆನ್ನೆಗಳು ತುಂಬಿಕೊಂಡಿದ್ದವು. ಕೆಮ್ಮು ಬರುತ್ತದೆಂದು ಕಾದ, ಕಾದ, ಬರಲಿಲ್ಲ. ಹಾಡು ಮುಗಿಸಿ ತಲೆಯೆತ್ತಿದವಳು, “ಏನ್ರೀ, ಹೀಗೆ ನೋಡುತ್ತೀರಿ? ನಾನೇ ಕಣ್ರೀ” ಎಂದು ನಕ್ಕಳು.

ಸ್ತಮಾತಿಸ್ ದಡಕ್ಕನೆ ಹೋಗಿ ಮಾತೆಯವರ ಪಾದ ಹಿಡಿದ. “ಅಮ್ಮಾ, ಪವಾಡ! ನನ್ನ ಕಣ್ಣಾರೆ ಕಂಡೆ!”

“ಪವಾಡವಲ್ಲಪ್ಪಾ,” ಎಂದು ಮಾತೆಯವರು ಮಾಡಿನ ಕಡೆಗೆ ಬೆರಳು ತೋರಿಸಿದರು. “ತೂತು.”

ಭಕ್ತರು ಇಂದಿಗೂ ಇದನ್ನು ಪವಾಡವೆಂದೇ ಹೇಳುತ್ತಾರೆ, ಹೇಳಲಿ. ಮಾತೆಯವರು ಅಂದದ್ದು ಮಾತ್ರ ಅಷ್ಟೇ.

ಸ್ತಮಾತಿಸನಿಗೆ ಅರ್ಥವಾಯಿತು. ಅರ್ಥವಾದಂತೆ ಮುಖ ಬಾಡಿತು. ಮನೆಗೆ ಕರೆದೊಯ್ದರೆ ಅದೇ ಹೊಗೆ, ಅದೇ ಕೆಮ್ಮು. ಮಾಡಿಗೆ ತೂತು ಕೊರೆಯೋಣವೆಂದರೆ ಊರಿನ ಕಾವಲುಗಾರನೇ ಊರಿನ ಕಟ್ಟಳೆ ಮುರಿದಂತೆ. ಅಪ್ಪ, ಅಜ್ಜ, ಎಲ್ಲರೂ ಎದ್ದು ಬಂದು ಎದುರು ನಿಂತಂತಾಯಿತು. ತಲೆ ಕೆರೆದುಕೊಂಡು ಹೇಳಿದ: “ಅವಳು ಇಲ್ಲೇ ಇದ್ದುಬಿಡಲಿ ಅಮ್ಮಾ. ನಾನು ಮೇಲೆ ಹೇಗೋ ದಿನ ತಳ್ಳುತ್ತೇನೆ. ಬದುಕಿದ್ದರೆ ಸಾಕು.”

ಲೆಮೊನಿಯಾಳ ಕೈ ಅವರೆಯ ಬುಟ್ಟಿಯಲ್ಲೇ ನಿಂತಿತು. ಮಾತೆಯವರು ಮೆಲ್ಲನೆ ನುಡಿದರು: “ಮನೆಯಿಂದ ಹೆಣ್ಣನ್ನು ಕದ್ದೊಯ್ಯುವುದು. ಕಡಲ್ಗಳ್ಳರು ಮಾಡುತ್ತಿದ್ದದ್ದೂ ಅದನ್ನೇ ಅಲ್ಲವೇ ಮಗಾ? ಈಗ ಅವರ ಭಯವೇ ಅವರ ಕೆಲಸ ಮಾಡುತ್ತಿದೆ.”

ಸ್ತಮಾತಿಸ್ ಬಾಗಿಲ ಕಡೆಗೆ ತಿರುಗಿದ. ಬಾಗಿಲಾಚೆಯ ಕಡಲಿನಲ್ಲಿ ಒಂದು ಹಾಯಿ. ಹಾದುಹೋಗುವ ಹಾಯಿಯಲ್ಲ. ಮೂತಿ ತಿರುಗಿಸಿ ಸೀದಾ ಯಾಲೊಸಿನ ಕಡೆಗೆ, ಹೊಗೆಯ ಕಡೆಗೆ ಬರುತ್ತಿದೆ!

“ಒಲೆ ಆರಿಸಿ!” ಎಂದು ಅರಚಿ ನೀರಿನ ಹೂಜಿಗೆ ಕೈಹಾಕಿದ. ಮಾತೆಯವರು ಅವನನ್ನು ತಡೆಯಲಿಲ್ಲ, ಗದರಲಿಲ್ಲ. ಮೂಲೆಯಿಂದ ಒಂದು ಹಸಿ ಕೊಂಬೆ ಎತ್ತಿಕೊಂಡು ಒಲೆಗೆ ಹಾಕಿದರು. ಚಟಪಟ ಸದ್ದಾಗಿ ಹೊಗೆ ದಟ್ಟವಾಗಿ ಎದ್ದಿತು. “ಯಾರೋ ಸೋತು ಬರುತ್ತಿದ್ದಾರೆ. ನೀರು ಚೆಲ್ಲಬೇಡ, ಕುಡಿಯುವುದಕ್ಕೆ ಬೇಕಾದೀತು” ಎಂದರು.

ಸ್ತಮಾತಿಸ್ ಹೂಜಿ ಕೆಳಗಿಟ್ಟ. ಇನ್ನೇನು, ಬಂದದ್ದು ಬರಲಿ ಎಂದು ಹಾರೆ ಹಿಡಿದು ತೀರಕ್ಕೆ ಓಡಿದ. ಹೆಂಡತಿಗೂ ಕಡಲಿಗೂ ನಡುವೆ ಕಾಲೂರಿ ನಿಂತ. ದೋಣಿ ಮರಳಿಗೆ ತಾಗಿತು. ಹರಿದ ಹಾಯಿ, ದೋಣಿಯ ತುಂಬ ಹುಲ್ಲಿನಲ್ಲಿ ಹುದುಗಿಸಿದ ಗಡಿಗೆಗಳು. ತುಟಿ ಒಡೆದ ಒಬ್ಬ ಮುದುಕ, ಅವನ ಹಿಂದೆ ಒಬ್ಬ ಮುದುಕಿ. ಹಾರೆ ಹಿಡಿದು ಕೆಂಪು ಕಣ್ಣು ಬಿಟ್ಟುಕೊಂಡು ನಿಂತ ಸ್ತಮಾತಿಸನನ್ನು ನೋಡಿದ್ದೇ ಮುದುಕ ನೀರಿನಲ್ಲೇ ಮಂಡಿಯೂರಿದ.

“ಕೊಲ್ಲಬೇಡಪ್ಪಾ! ಗಡಿಗೆ ಎಲ್ಲ ತೆಗೆದುಕೋ. ನಾವು ಬಡ ಕುಂಬಾರರು. ನನ್ನ ಮುದುಕಿಯನ್ನು ಬಿಟ್ಟುಬಿಡು!”

ಸ್ತಮಾತಿಸ್ ಹಿಂದೆ ತಿರುಗಿ ನೋಡಿದ, ಯಾರಿಗೆ ಹೇಳುತ್ತಿದ್ದಾನೆಂದು. ಹಿಂದೆ ಯಾರೂ ಇರಲಿಲ್ಲ. ಕಡಲ್ಗಳ್ಳ ಎಂದು ಈ ಮುದುಕ ಕೈಮುಗಿಯುತ್ತಿದ್ದದ್ದು ತನಗೇ! ಮೂರು ತಲೆಮಾರಿನವರು ಬಂಡೆಯ ಮೇಲೆ ಕುಳಿತು ಕಾಯುತ್ತಿದ್ದ ಕಳ್ಳ ಕೊನೆಗೂ ತೀರದಲ್ಲಿ ಕಾಣಿಸಿಕೊಂಡಿದ್ದ, ಕೈಯಲ್ಲಿ ಹಾರೆ ಹಿಡಿದು. ಮೊದಲು ನಾಚಿಕೆಯಾಯಿತು, ಆಮೇಲೆ ನಗು ಉಕ್ಕಿತು. ಹಾರೆಯನ್ನು ಮರಳಿಗೆಸೆದು, ಹೊಟ್ಟೆ ಹಿಡಿದುಕೊಂಡು ನಕ್ಕ. ನಗುತ್ತಲೇ ಹೋಗಿ ಮುದುಕನನ್ನು ಎತ್ತಿ ನಿಲ್ಲಿಸಿದ. “ಏಳಿ ಅಜ್ಜಾ, ಏಳಿ. ಒಳಗೆ ಅಮ್ಮನವರಿದ್ದಾರೆ. ನೀರಿದೆ, ರೊಟ್ಟಿಯಿದೆ.”

ಬಿಸಿ ರೊಟ್ಟಿ ಮುರಿಯುತ್ತ ಕುಂಬಾರ ಹೇಳಿದ: “ವರ್ಷವರ್ಷವೂ ಇದೇ ದಾರಿಯಲ್ಲಿ ಹೋಗುತ್ತೇವೆ. ಇಲ್ಲಿ ನರಪಿಳ್ಳೆಯೂ ಇಲ್ಲವೆಂದೇ ಎಲ್ಲ ದೋಣಿಯವರ ಮಾತು. ಬಿರುಗಾಳಿಗೆ ಸಿಕ್ಕು ನೀರು ಮುಗಿದುಹೋಗಿತ್ತು. ಈ ಹೊಗೆ ಕಾಣದಿದ್ದರೆ ನಮ್ಮ ಕಥೆ ಮುಗಿದಿತ್ತು ತಾಯಿ.” ಸ್ತಮಾತಿಸ್ ತಲೆ ತಗ್ಗಿಸಿದ. ತಾನು ಒಲೆ ಆರಿಸಿದ ದಿನಗಳಲ್ಲಿ ಹಾದುಹೋದ ದೋಣಿಗಳೆಷ್ಟೋ, ಅವುಗಳಲ್ಲಿ ಬಾಯಾರಿದವರೆಷ್ಟೋ ಎಂದು ಅವನಿಗೆ ಸಂಕಟವಾಯಿತು.

ಹಾಯಿ ಹೊಲಿದುಕೊಂಡು ಹೊರಡುವಾಗ ಕುಂಬಾರ ಮಾತೆಯವರಿಗೊಂದು ಹೊಸ ಗಡಿಗೆ ಕೊಟ್ಟ. ಕೆಂಪಗೆ, ಕಂಠದಲ್ಲಿ ಅಲೆಯಂಥ ಗೆರೆಗಳಿದ್ದ ಚೆಲುವಾದ ಗಡಿಗೆ. ಮಾತೆಯವರು ಅದನ್ನು ಹಾಗೆಯೇ ಸ್ತಮಾತಿಸನ ಕೈಗಿತ್ತರು.

ಅಂದು ಮಧ್ಯಾಹ್ನ ಕ್ರಿಫಿಯ ಜನ ಕಂಡದ್ದೇನು? ಕತ್ತೆಯ ಮೇಲೆ ಲೆಮೊನಿಯಾ, ಮಗುವಿನಂತೆ ಗಡಿಗೆಯನ್ನು ಎದೆಗವಚಿಕೊಂಡು ಸ್ತಮಾತಿಸ್. ಬಂದವನೇ ಮಾಡು ಹತ್ತಿದ, ಒಲೆಯ ಮೇಲಿನ ಚಪ್ಪಡಿ ಸರಿಸಿದ, ಗಡಿಗೆಯ ತಳಕ್ಕೆ ಕಲ್ಲಿನಿಂದ ಒಂದೇಟು ಹಾಕಿದ. “ಅಯ್ಯಯ್ಯೋ, ಅಷ್ಟು ಒಳ್ಳೆಯ ಗಡಿಗೆ!” ಎಂದು ಹೆಂಗಸರು ಬಾಯಿ ಬಡಿದುಕೊಂಡರು. “ತಲೆ ಕೆಟ್ಟಿತೇನೋ? ನೀನು ಕಾವಲುಗಾರನೋ, ಕೊಲೆಗಾರನೋ?” ಎಂದು ಗಂಡಸರು ಬೈದರು. ಸ್ತಮಾತಿಸ್ ಗಡಿಗೆ ಬೋರಲು ಹಾಕಿ, ಸುತ್ತ ಮಣ್ಣು ಮೆತ್ತಿ, ಕೆಳಗಿಳಿದು ಒಲೆ ಹೊತ್ತಿಸಿದ. ಹೊಗೆ ನೆಟ್ಟಗೆ ಮೇಲಕ್ಕೆದ್ದಿತು. ಊರೆಲ್ಲ ಉಸಿರು ಬಿಗಿಹಿಡಿದು ಕಡಲನ್ನು ನೋಡಿತು. ಕಡಲು ತನ್ನ ಪಾಡಿಗೆ ತಾನಿತ್ತು.

ಒಳಗೆ, ಒಲೆಯ ಮುಂದೆ ಕುಳಿತ ಲೆಮೊನಿಯಾ ಕಣ್ಣೊರೆಸಿಕೊಂಡಳು.

“ಹೊಗೆಯೇನೇ?” ಎಂದ, ಎಂದಿನ ರೂಢಿಯಲ್ಲಿ.

“ಹೊಗೆ ಎಲ್ಲಿದೆ ರೀ?” ಎಂದಳು ಅವಳು.

ಸ್ತಮಾತಿಸ್ ಸುತ್ತ ನೋಡಿದ. ಮನೆ ತಿಳಿಯಾಗಿತ್ತು. ಮೂಲೆಯಲ್ಲಿ ಗೋಡೆಗೆ ಒರಗಿಸಿಟ್ಟ ಪುಟ್ಟ ತೊಟ್ಟಿಲು ಕೂಡ ಸ್ಪಷ್ಟವಾಗಿ ಕಾಣುತ್ತಿತ್ತು. ಅವನು ಹೆಂಡತಿಯ ಪಕ್ಕದಲ್ಲಿ ಕುಸಿದು ಕುಳಿತ. “ರಿನ್ಯೊ,” ಎಂದ. ಇಬ್ಬರೂ ಹೆಗಲಿಗೆ ಹೆಗಲು ತಾಗಿಸಿಕೊಂಡು ಮನಸಾರೆ ಅತ್ತರು. ಅತ್ತು ಹಗುರಾದ ಮೇಲೆ, ಮಗು ಅಂಜೂರಕ್ಕೆ ಹಟ ಹಿಡಿಯುತ್ತಿದ್ದದ್ದನ್ನು ಲೆಮೊನಿಯಾ ನೆನಪಿಸಿದಳು. ಅದಕ್ಕೆ ಇಬ್ಬರೂ ನಕ್ಕರು ಕೂಡ. ಮರುದಿನ ಮುಂಜಾನೆ ಸ್ತಮಾತಿಸ್ ಕೆಳಗಿಳಿದು ಹೋಗಿ ಮಂದಿರದ ಹೊಸಿಲಿಗೆ ಹಣೆ ಹಚ್ಚಿದ. ದೀಪಕ್ಕೆ ಎಣ್ಣೆ ಹಾಕುತ್ತಿದ್ದ ಮಾತೆಯವರು ಸರಿದು ಅವನಿಗೆ ಜಾಗ ಬಿಟ್ಟರು.

ಒಂದೊಂದಾಗಿ ಕ್ರಿಫಿಯ ಮನೆಗಳ ಮೇಲೆಲ್ಲ ತಳವಿಲ್ಲದ ಗಡಿಗೆಗಳು ಬಂದು ಕುಳಿತವು. ಕುಂಬಾರನ ದೋಣಿ ವರ್ಷವರ್ಷವೂ ಯಾಲೊಸಿಗೆ ಬರತೊಡಗಿತು. ಸ್ತಮಾತಿಸ್ ಕಾವಲು ಬಿಡಲಿಲ್ಲ. ಮುಪ್ಪಿನಲ್ಲೂ ಅದೇ ಬಂಡೆಯ ಮೇಲೆ ಕುಳಿತು ಮೈಯೆಲ್ಲ ಕಣ್ಣಾಗಿ ಕಡಲನ್ನು ನೋಡುತ್ತಿದ್ದ. ದೂರದಲ್ಲೊಂದು ಹಾಯಿ ಕಂಡರೆ ಊರಿಗೆಲ್ಲ ಕೇಳುವಂತೆ ಕೂಗುತ್ತಿದ್ದ:

“ಲೆಮೊನಿಯಾ, ಒಲೆಗೆ ಇನ್ನೊಂದು ಹಸಿ ಕೊಂಬೆ ಹಾಕೇ!”